ಮುರಿದು ಕೂಡಿದ ಕೈಗೆ ಪ್ಯಾಡ್, ರೆಫ್ರಿ ಒಪ್ಪಿದ್ದು ಹೀಗೆ: ನನ್ನ ಅನುಭವ

ಮುರಿದು ಕೂಡಿದ ಕೈಗೆ ಪ್ಯಾಡ್ ಕಟ್ಟಿಕೊಂಡರೆ ಫುಟ್‌ಬಾಲ್ ಮ್ಯಾಚ್‌ಗೆ ಬಿಡಲ್ಲ, ಸುಮ್ನೆ ದುಡ್ಡು ದಂಡ ಅಂತ ನಮ್ಮ ಬೆಂಗಳೂರಿನ ಕೋಚ್ ಗೆಳೆಯರು ಬಹಳ ಜನ ಹೇಳಿದ್ದರು. ಈ ಸಲ ನಮ್ಮ ಹುಡುಗ ಲೀಗ್ ಪೂರ್ತಿ ಆಡಿದ. ಯಾರೂ ಪ್ಯಾಡ್ ಬಿಚ್ಚಿಸಲಿಲ್ಲ.

ಡಾಕ್ಟರು ಆಡಬಹುದು ಅಂದ ಮೇಲೆಯೇ ಇದಕ್ಕೆ ಕೈ ಹಾಕಿದ್ದು. ಮೊದಲು ಗಟ್ಟಿ ಪ್ಲಾಸ್ಟಿಕ್ ಸ್ಪ್ಲಿಂಟ್ (ಕೈ ಅಲುಗದ ಹಾಗೆ ಕಟ್ಟುವ ಪಟ್ಟಿ) ಇತ್ತು, ಎರಡೂವರೆ ಸಾವಿರದ ಆಸುಪಾಸು ಬಿತ್ತು. ಮೇಲೆ ಸ್ಪಾಂಜ್ ಸುತ್ತಿ ಕಳಿಸಿದೆವು. ರೆಫ್ರಿ ಹೆಬ್ಬೆರಳಲ್ಲಿ ಅಂಚು ಒತ್ತಿ ನೋಡಿ ಬೇಡ ಅಂದರು. ಅವರು ಮಾಡಿದ್ದು ಸರಿ. ಆಟಗಾರರು ಏನು ತೊಡಬಹುದು ಅನ್ನುವ ಫುಟ್‌ಬಾಲಿನ 4ನೇ ನಿಯಮ ಒಪ್ಪುವುದು ಮೆತ್ತಗಿನ, ಹಗುರವಾದ ಪ್ಯಾಡನ್ನು. ತೊಟ್ಟವನಿಗೂ ಎದುರಾಳಿಗೂ ಅಪಾಯ ಆಗಬಾರದು.

ಆಮೇಲೆ ಯೋಗ ಮ್ಯಾಟ್ ಕತ್ತರಿಸಿದೆ. ಬೆವರಿಗೆ ಜಾರಿ ಹಾಫ್ ಟೈಮ್ ಹೊತ್ತಿಗೆ ಮಣಿಕಟ್ಟಿಗೆ ಬಂದು ನಿಂತಿತು. ಕೊನೆಗೆ ಸುಮಾರು 10 ಮಿ.ಮೀ. ಇವಿಎ ಫೋಮ್ (ಚಪ್ಪಲಿ ಅಟ್ಟೆಗೆ ಹಾಕುವಂಥ ಮೆತ್ತನೆಯ ಫೋಮ್) ತಂದು, ಜೆ.ಸಿ. ರೋಡಿನಲ್ಲಿ ಕಾರ್ ಸೀಟ್ ಕವರ್ ಹೊಲಿಯುವವರ ಹತ್ತಿರ ನಿಯೋಪ್ರೀನ್ ಅನ್ನುವ, ರಬ್ಬರಿನಂತೆ ಹಿಗ್ಗುವ ಕಪ್ಪು ಬಟ್ಟೆಯೊಳಗೆ ಹಾಕಿ ಹೊಲಿಸಿದೆ. ಕೂಲಿ ಸೇರಿ ಆರೇಳು ನೂರು ಆಗಿರಬೇಕು. ಅಂಗಡಿಯ ಮಾಲಿಗಿಂತ ಇದೇ ಚೆನ್ನಾಗಿ ಕೂರುತ್ತದೆ, ಧೈರ್ಯವಾಗಿ ಹೇಳುತ್ತೇನೆ.

ಎಲ್ಲರೂ ಎಡವುವುದು ವೆಲ್ಕ್ರೋದಲ್ಲಿ. ಅದರ ಮುಳ್ಳಿನ ಭಾಗ ಒಂದೆಳೆ ಹೊರಗಿದ್ದರೂ ಮೈಗೆ ಮೈ ತಾಗಿದಾಗ ಎದುರಿನವನ ಚರ್ಮ ಗೀರುತ್ತದೆ. ಮುಳ್ಳು ಒಳಮುಖ ಇರಲಿ, ಪಟ್ಟಿಯ ತುದಿ ಪೂರ್ತಿ ಮುಚ್ಚಲಿ. ಹೊಲಿಸಿದ ಮೇಲೆ ನಿಮ್ಮ ಕೆನ್ನೆಗೇ ಉಜ್ಜಿ ನೋಡಿ, ಎಲ್ಲಿ ಚುಚ್ಚುತ್ತದೋ ಅಲ್ಲಿ ಮತ್ತೆ ಹೊಲಿಗೆ. ಪ್ಯಾಡ್ ಜಾರದ ಹಾಗೆ ಒಳಗೆ ಏನು ಹಾಕಿದೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೇ ಫೋಮಿನಲ್ಲಿ ಹೆಡ್‌ಗಾರ್ಡ್ ಕೂಡ ಮಾಡಿ ನೋಡಿದೆ. 2006ರಲ್ಲಿ ಮ್ಯಾಚಿನಲ್ಲಿ ತಲೆಬುರುಡೆ ಒಡೆದುಕೊಂಡ ಚೆಲ್ಸಿ ಕ್ಲಬ್ಬಿನ ಗೋಲ್‌ಕೀಪರ್ ಪೀಟರ್ ಚೆಕ್ 2007ರ ಜನವರಿಯಲ್ಲಿ ರಗ್ಬಿ ಹೆಡ್‌ಗಾರ್ಡ್ ಹಾಕಿಕೊಂಡು ಮತ್ತೆ ಗೋಲಿಗೆ ನಿಂತರಲ್ವಾ, ಆ ಆಸೆ. ಆದರೆ ಅದು ತಡೆಯುವುದು ಹೊರಗಿನ ಪೆಟ್ಟನ್ನು, ಒಳಗೆ ಮಿದುಳು ಅಲುಗುವುದನ್ನಲ್ಲ. ಅದನ್ನು ನಂಬಿ ಮಕ್ಕಳು ಜಾಸ್ತಿ ತಲೆ ಕೊಡುತ್ತಾರೆ ಅನ್ನಿಸಿ ನಿಲ್ಲಿಸಿಬಿಟ್ಟೆ.

ಬಣ್ಣದ ಉಸಾಬರಿ ಬೇಡ, ಕಪ್ಪೇ ಇರಲಿ. 2024ರ ಯೂರೋ ಕಪ್‌ನಲ್ಲಿ ಮೂಗು ಮುರಿದುಕೊಂಡ ಫ್ರಾನ್ಸ್ ಆಟಗಾರ ಎಂಬಾಪೆಯ ಫ್ರೆಂಚ್ ಬಾವುಟದ ಬಣ್ಣದ ಮಾಸ್ಕ್ ಪ್ರಾಕ್ಟೀಸಿಗಷ್ಟೇ ಆಯಿತು, ಮ್ಯಾಚಿಗೆ ಕಪ್ಪು ಮಾಸ್ಕ್ ಬಂತು.

ಇನ್ನೊಂದು, ಕಿಕ್ ಆಫ್ ಹೊತ್ತಿಗೆ ತೋರಿಸಬೇಡಿ. ವಾರ್ಮ್ ಅಪ್‌ಗೂ ಮೊದಲೇ ಪ್ಯಾಡನ್ನು ರೆಫ್ರಿ ಕೈಗೆ ಕೊಟ್ಟು, ಮಡಚಿ ಒತ್ತಿ ನೋಡಲಿ ಅಂತ ಬಿಡಿ. ಒಂದು ಸ್ಪೇರ್ ಪ್ಯಾಡೂ ಬ್ಯಾಗಿನಲ್ಲಿರಲಿ, ಮಳೆಯಲ್ಲಿ ನೆನೆದದ್ದು ಭಾರವಾಗುತ್ತದೆ.