ಬೋರನ ಕುತ್ತಿಗೆಗೆ ಸರಿಹೋದ ಬೆಲ್ಟು

ನಮ್ಮ ಗ್ರೇಟ್ ಡೇನ್ ನಾಯಿ ಬೋರನ ಕುತ್ತಿಗೆಯ ಬೆಲ್ಟು ಕಳಚಿಕೊಂಡಿದ್ದು ದೀಪಾವಳಿಯ ಹಿಂದಿನ ಸಂಜೆ. ಅವನಿಗೆ ಆಗ ಹತ್ತು ತಿಂಗಳು, ತೂಕ 50 ಕಿಲೋ ಹತ್ತಿರ. ತೀರ್ಥಹಳ್ಳಿಯ ನಮ್ಮ ಬೀದಿಯಲ್ಲಿ ವಾಕಿಂಗ್ ಮುಗಿಸಿ ಮನೆ ಕಡೆ ತಿರುಗಿದ್ದೆವು. ಪಕ್ಕದ ಓಣಿಯಲ್ಲಿ ಯಾರೋ ಪಟಾಕಿ ಹೊಡೆದರು. ಅವನು ಮುಂದಕ್ಕೆ ಎಳೆಯಲಿಲ್ಲ. ಎಳೆದಿದ್ದರೆ ಹೇಗೋ ಹಿಡಿದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಸರಿದ ಅಷ್ಟೇ, ಬೆಲ್ಟು ಎರಡೂ ಕಿವಿ ದಾಟಿ ಮೂತಿಯಿಂದ ಜಾರಿ ನನ್ನ ಕೈಗೆ ಬಂತು. ಅವನು ಮೇನ್ ರೋಡಿನ ಕಡೆ ಓಡಿದ. ಒಬ್ಬ ಆಟೋದವರು ಅವನನ್ನು ನೋಡಿ ಗಾಡಿ ಅಡ್ಡ ನಿಲ್ಲಿಸದೇ ಇದ್ದಿದ್ದರೆ ಏನಾಗುತ್ತಿತ್ತೋ, ಅದನ್ನು ಈಗಲೂ ಯೋಚಿಸೋಕೆ ಆಗಲ್ಲ. ಮುಕ್ಕಾಲು ಗಂಟೆ ಆದಮೇಲೆ ಒಂದು ಅಂಗಡಿಯ ಮೆಟ್ಟಿಲ ಕೆಳಗೆ ಮುದುಡಿ ಕೂತಿದ್ದ, ನಡುಗುತ್ತಿದ್ದ.

ಆ ಬೆಲ್ಟು ಕಳಪೆಯದ್ದೇನಲ್ಲ. ಎರಡು ಇಂಚು ಅಗಲ, ದಪ್ಪ ಚರ್ಮ, ಸ್ಟೀಲ್ ಬಕಲ್. ಎಲ್ಲೂ ಹರಿದಿರಲಿಲ್ಲ, ಮುರಿದಿರಲಿಲ್ಲ. ಎಲ್ಲರೂ ಹೇಳುವ ಹಾಗೆ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟೇ ಕಟ್ಟಿದ್ದೆ. ಹಾಗಾದರೆ ಕಳಚಿದ್ದು ಹೇಗೆ? ಆ ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತಂದು, ಬೋರ ಜಗಲಿಯಲ್ಲಿ ಮಲಗಿದ್ದಾಗ ಅವನ ಕುತ್ತಿಗೆಯನ್ನು ಬೇರೆ ಬೇರೆ ಕಡೆ, ತಲೆಯನ್ನೂ ಸೇರಿಸಿ, ಮೊದಲ ಸಲ ಅಳೆದೆ. ಉತ್ತರ ಅಲ್ಲೇ ಸಿಕ್ಕಿತು.

ಡೇನ್ ನಾಯಿಯ ಕುತ್ತಿಗೆ ಒಂದೇ ದಪ್ಪ ಇರೋದಿಲ್ಲ. ಕಿವಿಯ ಹಿಂದೆ ಸಣ್ಣ, ಭುಜಕ್ಕೆ ಬರುತ್ತಾ ಅಗಲ. ಬೋರನಿಗೆ ಅವತ್ತು ಕಿವಿಯ ಹಿಂದೆ 48 ಸೆಂಟಿಮೀಟರ್, ಮಧ್ಯದಲ್ಲಿ 52. ಹಣೆಯ ಮೇಲಿಂದ ದವಡೆಯ ಕೆಳಗೆ ಟೇಪು ಸುತ್ತಿ ತಲೆಯ ಅತಿ ದಪ್ಪದ ಜಾಗ ಅಳೆದರೆ 54. ಬೆಲ್ಟು ಕೂರುತ್ತಿದ್ದದ್ದು ಕುತ್ತಿಗೆಯ ಮಧ್ಯದಲ್ಲಿ. ಅಲ್ಲಿ ಎರಡು ಬೆರಳು ಬಿಟ್ಟು ಕಟ್ಟಿದಾಗ ಒಳಸುತ್ತು 56 ಆಗಿತ್ತು. ತಲೆ 54, ಬೆಲ್ಟು 56. ಅವನು ಹಿಂದೆ ಸರಿದಾಗ ಬೆಲ್ಟು ಸಣ್ಣ ಜಾಗಕ್ಕೆ ಏರಿತು, ಅಲ್ಲಿಂದ ತಲೆ ದಾಟೋಕೆ ಅದಕ್ಕೆ ಏನೂ ಅಡ್ಡಿ ಇರಲಿಲ್ಲ. ಎರಡು ಬೆರಳಿನ ಲೆಕ್ಕ ಸರಿಯಾಗೇ ಇತ್ತು, ಆದರೆ ಅದು ಬೆಲ್ಟು ಬಿಗಿಯಾಗಿದೆಯಾ ಅನ್ನೋದನ್ನು ಮಾತ್ರ ಹೇಳುತ್ತದೆ. ಕಳಚುತ್ತದಾ ಅನ್ನೋದಕ್ಕೆ ತಲೆಯ ಅಳತೆ ಬೇಕೇ ಬೇಕು.

ಬಾಗಲಕೋಟೆ ಕಡೆಯ ನಮ್ಮ ನೆಂಟರು ಮುಧೋಳ ನಾಯಿ ಸಾಕಿದ್ದಾರೆ. ಫೋನಿನಲ್ಲಿ ಇದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮುಧೋಳದ ತಲೆ ಸಣ್ಣದು, ಉದ್ದ, ಮಾಮೂಲಿ ಬೆಲ್ಟು ಅದರಲ್ಲಿ ನಿಲ್ಲೋದೇ ಇಲ್ಲ ಅಂತ ಅವರಿಗೆ ಮೊದಲಿಂದ ಗೊತ್ತು. ಗ್ರೇಟ್ ಡೇನ್ ಹೆಸರಿಗೆ ಡೆನ್ಮಾರ್ಕಿನದು, ತಳಿ ಬೆಳೆದಿದ್ದು ಜರ್ಮನಿಯಲ್ಲಿ. ಮಾಸ್ಟಿಫ್ ಜೊತೆ ಗ್ರೇಹೌಂಡಿನಂಥ ಓಟದ ನಾಯಿಗಳ ರಕ್ತವೂ ಅದರಲ್ಲಿ ಸೇರಿದೆ ಅಂತ ಹೇಳುತ್ತಾರೆ. ಆ ಉದ್ದ ಕುತ್ತಿಗೆ, ಕಿರಿದಾದ ತಲೆ ನೋಡಿದರೆ ನಂಬಬೇಕು ಅನ್ನಿಸುತ್ತದೆ. ಸೇಂಟ್ ಬರ್ನಾರ್ಡಿನ ತಲೆ ತುಂಬಾ ದೊಡ್ಡದು, ಇದೇ ತೊಂದರೆ ಅಲ್ಲಿ ಕಡಿಮೆ. ಅಲ್ಲಿ ಮೋಸ ಮಾಡೋದು ಕೂದಲು. ಮೇಲಿಂದ ಬೆರಳಿಟ್ಟು ಸಡಿಲ ಇದೆ ಅಂದುಕೊಂಡರೆ ಒಳಗೆ ಚರ್ಮಕ್ಕೆ ಬಿಗಿದಿರುತ್ತದೆ, ಹಾಗಾಗಿ ಕೂದಲು ಸರಿಸಿ ಬೆರಳು ಚರ್ಮಕ್ಕೆ ತಾಗಬೇಕು. ಒಟ್ಟಿನಲ್ಲಿ "ದೊಡ್ಡ ನಾಯಿ ಬೆಲ್ಟು ಕೊಡಿ" ಅಂತ ಕೇಳಿದರೆ ಸರಿಯಾದ್ದು ಸಿಗೋದಿಲ್ಲ.

ಆಮೇಲೆ ನಾನು ತಗೊಂಡದ್ದು ಮಾರ್ಟಿಂಗೇಲ್. ಇದರಲ್ಲಿ ಒಂದು ದೊಡ್ಡ ಸುತ್ತು, ಅದರ ಎರಡು ತುದಿಯ ರಿಂಗುಗಳಲ್ಲಿ ಪೋಣಿಸಿದ ಒಂದು ಚಿಕ್ಕ ಸುತ್ತು ಇರುತ್ತದೆ. ಹಗ್ಗ ಸಿಕ್ಕಿಸೋದು ಚಿಕ್ಕ ಸುತ್ತಿಗೆ. ನಾಯಿ ಆರಾಮಾಗಿ ನಡೆಯುವಾಗ ಸಡಿಲ, ಎಳೆದಾಗ ಅಥವಾ ಹಿಂದೆ ಸರಿದಾಗ ದೊಡ್ಡ ಸುತ್ತು ಕಿರಿದಾಗುತ್ತದೆ, ಒಂದು ಮಿತಿಯವರೆಗೆ ಮಾತ್ರ. ಆ ಮಿತಿಯನ್ನು ಎಲ್ಲಿ ಇಡುತ್ತೀರಿ ಅನ್ನೋದೇ ಮುಖ್ಯ. ಬೋರನ ಇವತ್ತಿನ ಲೆಕ್ಕ ಹೇಳುತ್ತೇನೆ. ಅವನಿಗೆ ಈಗ ಮೂರು ವರ್ಷ, ಭುಜದ ಎತ್ತರ 82 ಸೆಂಟಿಮೀಟರ್, ತೂಕ 66 ಕಿಲೋ. ಕಿವಿಯ ಹಿಂದೆ 54, ತಲೆ 60. ಬೆಲ್ಟು ಪೂರ್ತಿ ಬಿಗಿದಾಗ 55 ಆಗುವ ಹಾಗೆ ಹೊಂದಿಸಿದ್ದೇನೆ. ಪೂರ್ತಿ ಸಡಿಲಿಸಿದರೆ 64, ಅಂದರೆ ಬಕಲ್ ಇಲ್ಲದೇ ತಲೆ ಮೇಲಿಂದ ಹಾಕಿ ತೆಗೆಯಬಹುದು. 55 ಇರುವಾಗ 60ರ ತಲೆ ದಾಟೋದಿಲ್ಲ, 54ರ ಕುತ್ತಿಗೆಯನ್ನು ಹಿಸುಕೋದೂ ಇಲ್ಲ. ಎಷ್ಟೋ ಜನ ಇದನ್ನು ತುಂಬಾ ಕಿರಿದಾಗಿ ಇಟ್ಟು, ಎಳೆದಾಗ ಕೊರಳು ಬಿಗಿಯುವ ಹಾಗೆ ಮಾಡುತ್ತಾರೆ. ಅದು ಬೇಡ, ಅದಕ್ಕೂ ಎಳೆದಷ್ಟೂ ಬಿಗಿಯುವ ಚೋಕ್ ಚೈನಿಗೂ ಏನು ವ್ಯತ್ಯಾಸ ಉಳಿಯಿತು?

ಹಾಕಿದ ಮೇಲೆ ಮನೆಯ ಅಂಗಳದಲ್ಲೇ ಪರೀಕ್ಷೆ ಮಾಡಿ. ಗೇಟು ಹಾಕಿ, ನಾಯಿಯ ಮುಂದೆ ನಿಂತು, ಕೈಯಲ್ಲಿ ತಿಂಡಿ ಇಟ್ಟುಕೊಂಡು ಹಗ್ಗವನ್ನು ನಿಧಾನಕ್ಕೆ ನಿಮ್ಮ ಕಡೆ, ಸ್ವಲ್ಪ ಮೇಲಕ್ಕೆ ಎಳೆಯಿರಿ. ಬೆಲ್ಟು ಕಿವಿಯ ಬುಡದಲ್ಲಿ ನಿಲ್ಲಬೇಕು. ಕಿವಿಯನ್ನು ಮಡಚಿಕೊಂಡು ಮೇಲೆ ಏರುತ್ತಿದ್ದರೆ ಇನ್ನೂ ಒಂದು ಸೆಂಟಿಮೀಟರ್ ಕಡಿಮೆ ಮಾಡಬೇಕು. ರಸ್ತೆಯಲ್ಲಿ ಗೊತ್ತಾಗೋದಕ್ಕಿಂತ ಅಂಗಳದಲ್ಲಿ ಗೊತ್ತಾಗಲಿ.

ಮಾರ್ಟಿಂಗೇಲ್ ವಾಕಿಂಗಿಗೆ ಮಾತ್ರ. ಮನೆಗೆ ಬಂದ ತಕ್ಷಣ ತೆಗೆಯುತ್ತೇನೆ. ಆ ಚಿಕ್ಕ ಸುತ್ತು ಕಿಟಕಿ ಸರಳಿಗೋ, ಗೇಟಿನ ಚಿಲಕಕ್ಕೋ, ಜೊತೆ ಆಡುವ ಇನ್ನೊಂದು ನಾಯಿಯ ಹಲ್ಲಿಗೋ ಸಿಕ್ಕಿಕೊಂಡರೆ ಬೆಲ್ಟು ಬಿಗಿದುಕೊಳ್ಳುತ್ತದೆ, ತಲೆ ದಾಟಿ ಕಳಚೋದೂ ಇಲ್ಲ. ಅದನ್ನು ಹಾಕಿ ಕಂಬಕ್ಕೆ ಕಟ್ಟಿಹಾಕೋದಂತೂ ಮಾಡಲೇಬೇಡಿ.

ಮನೆಯಲ್ಲಿ ಹಗಲು ಹೊತ್ತು ಒಂದು ಚರ್ಮದ ಬೆಲ್ಟು ಇರುತ್ತದೆ, ಅದರಲ್ಲಿ ನಮ್ಮ ಫೋನ್ ನಂಬರಿನ ಬಿಲ್ಲೆ. ಅದನ್ನು ಕೊಳ್ಳುವಾಗ ಕಲಿತದ್ದು ಅಳತೆಯ ಇನ್ನೊಂದು ವಿಷಯ. ಆನ್‌ಲೈನಿನಲ್ಲಿ "26 ಇಂಚು" ಅಂತ ಬರೆದಿದ್ದನ್ನು ತರಿಸಿದೆ, ಬಂದದ್ದು ಚಿಕ್ಕದು. ಅವರು ಬೆಲ್ಟಿನ ತುದಿಯಿಂದ ತುದಿಗೆ ಅಳೆದಿದ್ದರು. ನಮಗೆ ಬೇಕಾದ್ದು ಬಕಲಿನ ಕಂಬಿಯಿಂದ ನೀವು ಹಾಕುವ ತೂತಿನವರೆಗಿನ ಅಳತೆ. ಈಗ ಯಾರ ಹತ್ತಿರ ಕೊಂಡರೂ ಮೊದಲು ಕೇಳೋದು, ಮಧ್ಯದ ತೂತಿಗೆ ಎಷ್ಟು? ಐದು ತೂತು ಇದ್ದರೆ ನಿಮ್ಮ ನಾಯಿಗೆ ಮಧ್ಯದ್ದು ಬರಬೇಕು, ಆಗ ಎರಡೂ ಕಡೆ ಜಾಗ ಉಳಿಯುತ್ತದೆ. ಕೊನೇ ತೂತಿಗೆ ಬಂತು ಅಂದರೆ ಆ ಬೆಲ್ಟು ನಿಮ್ಮದಲ್ಲ.

ಬೆರಳಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನಾಯಿ ತಲೆ ಎತ್ತಿ ನಿಂತಾಗ ಒಂದು ಸಡಿಲ, ಕೂತಾಗ ಒಂದು, ತಲೆ ತಗ್ಗಿಸಿ ನೀರು ಕುಡಿಯುವಾಗ ಇನ್ನೊಂದು. ಬೋರ ತಟ್ಟೆಗೆ ಬಗ್ಗಿದಾಗ ಅವನ ಕುತ್ತಿಗೆ ಕೆಳಗಡೆ ಉಬ್ಬುತ್ತದೆ. ಓಡಿ ಬಂದು ಏದುಸಿರು ಬಿಡುವಾಗಲೂ ಹಾಗೇ. ನಿಂತಾಗ ಸರಿಯಿದ್ದ ಬೆಲ್ಟು ಆಗ ಕೆಮ್ಮು ಬರಿಸಬಹುದು. ಹಾಗಾಗಿ ಮೂರು ಭಂಗಿಯಲ್ಲೂ ನೋಡುತ್ತೇನೆ. ಬೆರಳನ್ನು ಚಪ್ಪಟೆಯಾಗಿ ತೂರಿಸಬೇಕು, ಅಡ್ಡಡ್ಡ ತಿರುಗಿಸಿದರೆ ಲೆಕ್ಕವೇ ಬೇರೆ. ನನ್ನ ಎರಡು ಬೆರಳೂ ನನ್ನ ಮಗಳ ಎರಡು ಬೆರಳೂ ಒಂದೇ ಅಲ್ಲ ಅಲ್ವಾ, ಹಾಗಾಗಿ ಮನೆಯಲ್ಲಿ ಯಾರು ಕಟ್ಟಿದರೂ ಒಂದೇ ತೂತಿಗೆ ಹಾಕಬೇಕು ಅಂತ ಆ ತೂತಿನ ಪಕ್ಕ ಕೆಂಪು ದಾರದ ಒಂದು ಹೊಲಿಗೆ ಹಾಕಿಸಿದ್ದೇನೆ.

ಆನ್‌ಲೈನಿನದು ಚಿಕ್ಕದಾದ ಮೇಲೆ, ಈಗ ಇರುವ ಈ ಚರ್ಮದ ಬೆಲ್ಟು ಹೊಲಿದುಕೊಟ್ಟವರು ಶಿವಮೊಗ್ಗದ ಒಬ್ಬ ಹಿರಿಯ ಚಮ್ಮಾರರು. ಹಿಂದೆ ಎತ್ತುಗಳಿಗೆ ಗೆಜ್ಜೆಪಟ್ಟಿ ಹೊಲಿಯುತ್ತಿದ್ದರಂತೆ. ನಾನು ನಾಯಿಯ ಅಳತೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಅಂಚು ಎಲ್ಲಿ ತಾಗುತ್ತೆ?" ಅಂತ. ಅದು ನನಗೆ ಹೊಳೆದೇ ಇರಲಿಲ್ಲ. ಅಗಲದ ಪಟ್ಟಿ ಒಳ್ಳೆಯದು, ಎಳೆತ ಒಂದೇ ಕಡೆ ಬೀಳದೇ ಹರಡಿಕೊಳ್ಳುತ್ತದೆ. ಆದರೆ ಗಟ್ಟಿ ಚರ್ಮದ ಅಗಲ ಪಟ್ಟಿಯ ಚೂಪು ಅಂಚು ದವಡೆಯ ಕೆಳಗೆ ಉಜ್ಜಿ ಕೂದಲು ಉದುರಿಸುತ್ತದೆ. ಅವರು 5 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಸಾಕು ಅಂದರು. ಎರಡೂ ಅಂಚನ್ನು ಹೆರೆದು, ಒದ್ದೆ ಮಾಡಿ, ಮರದ ತುಂಡಿನಿಂದ ತಿಕ್ಕಿ ಉರುಟು ಮಾಡಿದರು. ಹೊಲಿಗೆ ಕೈಯದ್ದು, ಮೇಣ ಹಚ್ಚಿದ ದಾರಕ್ಕೆ ಎರಡು ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ. ಒಂದು ಕಡೆ ದಾರ ಸವೆದು ಹೋದರೂ ಇನ್ನೊಂದು ಹಿಡಿದಿರುತ್ತದೆ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಸಾಲೇ ಬಿಚ್ಚಿಕೊಳ್ಳುತ್ತಾ ಹೋಗಬಹುದು.

ಲೋಹದ ಭಾಗಗಳನ್ನು ನಾನೇ ಆರಿಸಿಕೊಂಡು ಹೋಗಿದ್ದೆ, ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು. ಹಿತ್ತಾಳೆಗೆ ಅದು ಅಂಟೋದಿಲ್ಲ. ಹಳದಿ ಬಣ್ಣದ್ದು, ಆದರೆ ಅಯಸ್ಕಾಂತ ಅಂಟಿತು ಅಂದರೆ ಒಳಗೆ ಕಬ್ಬಿಣ, ಮಲೆನಾಡಿನ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಹಗ್ಗ ಸಿಕ್ಕಿಸುವ ಡಿ ರಿಂಗ್ ನೋಡುವಾಗ ಬೆರಳಿನಲ್ಲಿ ಸುತ್ತ ತಡವಿ ನೋಡಿ. ಕಂಬಿಯ ಎರಡು ತುದಿ ಬರೀ ತಾಗಿಕೊಂಡಿದ್ದು ನಡುವೆ ಗೆರೆ ಕಂಡರೆ ಬಿಟ್ಟುಬಿಡಿ, 60 ಕಿಲೋದ ನಾಯಿ ಒಂದು ಸಲ ಜಗ್ಗಿದರೆ ಅದು ಬಾಯಿ ಬಿಡಬಹುದು. ಬೆಸುಗೆ ಹಾಕಿದ್ದೋ ಎರಕ ಹೊಯ್ದದ್ದೋ ಆಗಬೇಕು. ಪ್ಲಾಸ್ಟಿಕ್ ಕ್ಲಿಪ್ಪಿನ ಬೆಲ್ಟನ್ನು ಮರಿಯಾಗಿದ್ದಾಗ ಹಾಕಿದ್ದೆ, ಆಗ ಸರಿ. ದೊಡ್ಡವನಾದ ಮೇಲೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಹಾಗಂತ ನಮ್ಮ ಕಡೆ ದೊಡ್ಡ ನಾಯಿ ಅಂದರೆ ಹಾಕುವ ಕಬ್ಬಿಣದ ಚೈನೂ ಬೇಡ. ಅದು ಭಾರ, ಕೂದಲು ಕತ್ತರಿಸುತ್ತದೆ, ಕೊರಳಿಗೆ ಇಡೀ ದಿನದ ಶಿಕ್ಷೆ.

ಮರಿ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಮೊದಲ ವರ್ಷ ದುಬಾರಿ ಬೆಲ್ಟು ತರಬೇಡಿ. ಎರಡು ತಿಂಗಳಿಗೆ ಬೋರನ ಕುತ್ತಿಗೆ 28 ಸೆಂಟಿಮೀಟರ್ ಇತ್ತು, ಆರು ತಿಂಗಳಿಗೆ 45. ಪ್ರತಿ ಭಾನುವಾರ ಅಳೆದು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೆ. ಒಂದೊಂದು ತಿಂಗಳು ನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ ಏರಿದ್ದೂ ಇದೆ. ಅಳೆಯದೇ ಬಿಟ್ಟರೆ ಬೆಲ್ಟು ಚರ್ಮದೊಳಗೆ ಹೂತುಹೋಗುವ ತನಕ ಯಾರಿಗೂ ಗೊತ್ತಾಗೋದಿಲ್ಲ, ಕಟ್ಟಿಹಾಕಿ ಮರೆತುಬಿಟ್ಟ ಒಂದು ನಾಯಿಯ ಕುತ್ತಿಗೆಯಲ್ಲಿ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮರಿಗೆ ಒಂದು ಇಂಚಿನ ಹಗುರ ನೈಲಾನ್ ಸಾಕು, ಎರಡು ಮೂರು ಸಲ ಬದಲಾಯಿಸಿ. ಡೇನ್ ಬೆಳೆಯೋದು ನಿಲ್ಲೋಕೆ ಒಂದೂವರೆ ಎರಡು ವರ್ಷ ಬೇಕು. ಚರ್ಮದ್ದು ಹೊಲಿಸೋದು ಆಮೇಲೆ.

ಇನ್ನೊಂದು ಮಾತು ಡೇನ್ ಸಾಕುವವರಿಗೆ ಗೊತ್ತಿರಲೇಬೇಕು. ಈ ತಳಿಯಲ್ಲಿ ವೊಬ್ಲರ್ ಅನ್ನುವ ಕಾಯಿಲೆ ಜಾಸ್ತಿ. ಕುತ್ತಿಗೆಯ ಮೂಳೆಗಳ ನಡುವೆ ಬೆನ್ನುಹುರಿ ಒತ್ತಿಹೋಗಿ ಹಿಂಗಾಲು ತೂರಾಡುತ್ತದೆ. ಬೆಲ್ಟಿನಿಂದಲೇ ಅದು ಬರುತ್ತದೆ ಅಂತ ಅಲ್ಲ. ಆದರೆ ಅಂಥ ಕುತ್ತಿಗೆಗೆ ಜಗ್ಗಾಟ ಒಳ್ಳೆಯದಲ್ಲ. ಎಳೆಯುವ ಅಭ್ಯಾಸ ಇರುವ ನಾಯಿಗೆ ಎದೆಗೆ ಹಾಕುವ ಹಾರ್ನೆಸ್ ಬಳಸಿ, ಬೆಲ್ಟು ಬಿಲ್ಲೆಗೆ ಮಾತ್ರ ಇರಲಿ. ನಡಿಗೆಯಲ್ಲಿ ತೂರಾಟ ಕಂಡರೆ ಬೆಲ್ಟು ತೆಗೆದು ನೇರ ಡಾಕ್ಟರ ಹತ್ತಿರ ಹೋಗಿ.

ಜೂನ್ ಬಂತು ಅಂದರೆ ನಮ್ಮ ಊರಲ್ಲಿ ಚರ್ಮದ ಬೆಲ್ಟು ಮೊಳೆಗೆ ಹೋಗುತ್ತದೆ, ಅಲ್ಲಿಂದ ಇಳಿಯೋದು ಸೆಪ್ಟೆಂಬರಿಗೆ. ಮೊದಲ ವರ್ಷ ಇದು ಗೊತ್ತಿರಲಿಲ್ಲ. ಮಳೆಯಲ್ಲಿ ನೆಂದ ಬೆಲ್ಟು ಹಾಗೇ ಬಿಟ್ಟಿದ್ದೆ. ಅದರ ಕಪ್ಪು ಬಣ್ಣ ಬೋರನ ಕಂದು ಕೂದಲಿಗೆ ಹತ್ತಿತು, ವಾರದಲ್ಲಿ ಬೂಷ್ಟು ಬಂತು, ಅದರ ಕೆಳಗೆ ಚರ್ಮ ಕೆಂಪಾಗಿ ವಾಸನೆ ಬರೋಕೆ ಶುರುವಾಯಿತು. ಗುಣವಾಗೋಕೆ ಮೂರು ವಾರ ಬೇಕಾಯಿತು. ಈಗ ಮಳೆಗಾಲಕ್ಕೆ ಪ್ಲಾಸ್ಟಿಕ್ ಲೇಪದ ಪಟ್ಟಿ, ಬಟ್ಟೆಯಲ್ಲಿ ಒರೆಸಿದರೆ ಒಣಗಿತು. ರಾತ್ರಿ ಮಲಗುವ ಮುಂಚೆ ಯಾವ ಬೆಲ್ಟಿದ್ದರೂ ತೆಗೆದು, ಬೆಲ್ಟು ಕೂರುವ ಜಾಗದಲ್ಲಿ ಸುತ್ತ ಬೆರಳಾಡಿಸುತ್ತೇನೆ. ತೋಟದಿಂದ ಬಂದ ಉಣ್ಣೆ ಹುಳ ಅಡಗಿಕೊಳ್ಳೋದೂ ಅಲ್ಲೇ. ಬೋರನಿಗೆ ಇದು ಈಗ ದಿನದ ಅಭ್ಯಾಸ. ಒಂಬತ್ತೂವರೆಗೆ ತಾನೇ ಬಂದು ಗದ್ದ ನನ್ನ ಮಂಡಿ ಮೇಲಿಟ್ಟು, ಬಕಲ್ ಬಿಚ್ಚುವ ತನಕ ಹಾಗೇ ನಿಂತಿರುತ್ತಾನೆ.