ಕೆಮಿಸ್ಟ್ರಿಗೆ ಹೆದರಿ ಸ್ಟ್ಯಾಟ್ಸ್ ಹಿಡಿದೆ

ನಾನು ಸಂಖ್ಯಾಶಾಸ್ತ್ರ ಓದಿದ್ದು ಅದರ ಮೇಲಿನ ಪ್ರೀತಿಯಿಂದ ಏನೂ ಅಲ್ಲ. ಪಿಯುಸಿಯಲ್ಲಿ ಕೆಮಿಸ್ಟ್ರಿ ನನ್ನ ಜೀವ ತಿಂದಿತ್ತು. ಹಾಸನದ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಅರ್ಜಿ ತುಂಬುವಾಗ ಕೌಂಟರ್‌ನಲ್ಲಿದ್ದವರು, "ಕೆಮಿಸ್ಟ್ರಿ ಬೇಡ ಅಂದ್ರೆ ಮ್ಯಾಥ್ಸ್, ಫಿಸಿಕ್ಸ್, ಸ್ಟ್ಯಾಟ್ಸ್ ಇದೆ ನೋಡಮ್ಮ" ಅಂದರು. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. "ಸ್ಟ್ಯಾಟ್ಸ್ ಅಂದ್ರೆ ಏನು, ಜನಗಣತಿ ಮಾಡೋದಾ?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಹೂಂ ಅಂದೆ.

ಮೊದಲ ವರ್ಷ ಪೂರ್ತಿ ಸರಾಸರಿ, ಮಧ್ಯಾಂಕ, ಬಹುಲಕ, ಸ್ಟ್ಯಾಂಡರ್ಡ್ ಡೀವಿಯೇಷನ್. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಸೂತ್ರ, ಟೇಬಲ್, ಉತ್ತರ, ಕೆಳಗೆ ಸ್ಕೇಲಿಟ್ಟು ಗೆರೆ. ಆ ಅಂಕಿಗಳು ಯಾರದ್ದು, ಎಲ್ಲಿಂದ ಬಂದವು ಅಂತ ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕಾಲೇಜಿನಲ್ಲಿ ಈ ವಿಷಯ ಬೋರ್ ಅನ್ನಿಸುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ ಅಂತ ಈಗ ಅನ್ನಿಸುತ್ತದೆ.

ಎರಡನೇ ವರ್ಷ ಸ್ಯಾಂಪ್ಲಿಂಗ್ ಬಂತು, ಅಂದರೆ ಕೆಲವನ್ನಷ್ಟೇ ಆರಿಸಿ ನೋಡಿ ಒಟ್ಟಿನ ಬಗ್ಗೆ ಹೇಳುವುದು. ಪುಸ್ತಕದ ಕೊನೆಯಲ್ಲಿ ಪುಟಗಟ್ಟಲೆ ಬರೀ ಅಂಕಿ, ಅರ್ಥವಿಲ್ಲದೆ ಸಾಲಾಗಿ ನಿಂತಿದ್ದವು. ಅದು ಟಿಪ್ಪೆಟ್ ಎಂಬಾತ 1927ರಲ್ಲಿ ಪ್ರಕಟಿಸಿದ ಯಾದೃಚ್ಛಿಕ, ಅಂದರೆ ಯಾವ ಕ್ರಮವೂ ಇಲ್ಲದ ಸಂಖ್ಯೆಗಳ ಪಟ್ಟಿಯಂತೆ, ಒಟ್ಟು 41,600 ಅಂಕಿ. ಸ್ಯಾಂಪಲ್ ಆರಿಸಲು ಕಣ್ಣು ಮುಚ್ಚಿ ಬೆರಳಿಟ್ಟು ಅಲ್ಲಿಂದ ನಂಬರ್ ಓದಬೇಕು. ಮಕ್ಕಳಾಟ ಅಂತ ನಕ್ಕಿದ್ದೆವು.

ಅದೇ ವರ್ಷ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ನಮ್ಮದು ಸಕಲೇಶಪುರದ ಹತ್ತಿರ ನಾಲ್ಕು ಎಕರೆ ರೊಬಸ್ಟಾ ಕಾಫಿ. ಗೋಡೌನ್‌ನಲ್ಲಿ 60 ಚೀಲ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣು ಇತ್ತು. ಕಾಫಿ ಕಡೆಯವರಿಗೆ ಗೊತ್ತಿರುತ್ತದೆ, ಚೆರಿಗೆ ಬೆಲೆ ಕಟ್ಟುವುದು ಔಟ್‌ಟರ್ನ್ ಮೇಲೆ. 50 ಕೆ.ಜಿ. ಚೀಲ ಸಿಪ್ಪೆ ತೆಗೆಸಿದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನೋದೇ ಒ.ಟಿ. ಅದು ಒಂದು ಕಡಿಮೆ ಆದರೆ ಚೀಲಕ್ಕೆ ಒಂದು ಕೆ.ಜಿ. ಬೀಜದ ದುಡ್ಡು ಹೋಯಿತು ಅಂತಲೇ ಲೆಕ್ಕ. ವ್ಯಾಪಾರಿ ಬಂದರು. ಬಾಗಿಲ ಹತ್ತಿರ ಇದ್ದ ನಾಲ್ಕು ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದುಕೊಂಡು ಹೋದರು. ಮರುದಿನ ಒ.ಟಿ. 24 ಅಂದರು. ಅಪ್ಪನ ಮುಖ ಇಳಿಯಿತು. "ಈ ಸಲ ಜೊಳ್ಳು ಜಾಸ್ತಿ ಇರ್ಬೇಕು ಬಿಡು" ಅಂದರು.

ನನಗೆ ತಟ್ಟನೆ ಹೊಳೆದಿದ್ದು ಆ ನಾಲ್ಕು ಚೀಲ. ಗೋಡೌನ್ ತುಂಬುವುದು ಹಿಂದಿನಿಂದ ಮುಂದಕ್ಕೆ ಅಲ್ವಾ? ಮೊದಲ ಕುಯ್ಲಿನ ಒಳ್ಳೆ ಹಣ್ಣು ಗೋಡೆ ಪಕ್ಕ ಸೇರಿರುತ್ತದೆ. ಕೊನೆಯಲ್ಲಿ ಗಿಡದ ಬುಡದಿಂದ ಹೆಕ್ಕಿದ ಉದುರು ಬಾಗಿಲ ಹತ್ತಿರ ಬಂದು ಕೂತಿರುತ್ತದೆ. ಎಣಿಸಿ ನೋಡಿದೆವು. ಮೊದಲ ಕುಯ್ಲು 40 ಚೀಲ, ಎರಡನೆಯದು 14, ಉದುರು 6. ವ್ಯಾಪಾರಿ ಚುಚ್ಚಿದ ನಾಲ್ಕರಲ್ಲಿ ಮೂರು ಉದುರಿನವು. ಅವರೇನೂ ಮೋಸ ಮಾಡಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಚುಚ್ಚಿದ್ದರು ಅಷ್ಟೆ.

ಸರಕಿನಲ್ಲಿ ಬೇರೆ ಬೇರೆ ಗುಂಪಿದ್ದರೆ ಪ್ರತಿ ಗುಂಪಿನಿಂದಲೂ ಅದರ ಪಾಲಿಗೆ ತಕ್ಕಷ್ಟು ಆರಿಸಬೇಕು. ಪುಸ್ತಕದಲ್ಲಿ ಅದಕ್ಕೆ ಸ್ತರೀಕೃತ ಮಾದರಿ ಅಂತ ಹೆಸರು, ನಾವು ಸ್ಟ್ರಾಟಿಫೈಡ್ ಅಂತಲೇ ಬರೆಯುತ್ತಿದ್ದೆವು. ಚೀಲಗಳಿಗೆಲ್ಲ ಸೀಮೆಸುಣ್ಣದಲ್ಲಿ ನಂಬರ್ ಹಾಕಿದೆ. ಹತ್ತು ಚೀಲ ಆರಿಸಬೇಕು ಅಂತ ಲೆಕ್ಕ. ಮೊದಲ ಕುಯ್ಲಿನಿಂದ ಏಳು, ಎರಡನೆಯದರಿಂದ ಎರಡು, ಉದುರಿನಿಂದ ಒಂದು. ಚೀಟಿ ಎತ್ತಿದ್ದು ನನ್ನ ತಂಗಿ. ವ್ಯಾಪಾರಿ ಮತ್ತೆ ಬಂದಾಗ ನಕ್ಕರು. "ಏನ್ ಗೌಡ್ರೇ, ಮಗಳು ಲಾಟರಿ ಎತ್ತಿಸ್ತಾಳೆ?" ಆದರೂ ಬಂದ ನಂಬರಿನ ಚೀಲ ಹುಡುಕಿ, ಮುಂದಿನವನ್ನು ಸರಿಸಿ ಸ್ಯಾಂಪಲ್ ತೆಗೆದರು. ಮೊದಲ ಕುಯ್ಲಿಗೆ 27, ಎರಡನೆಯದಕ್ಕೆ 26, ಉದುರಿಗೆ 23 ಬಂತು. ಚೀಲದ ಲೆಕ್ಕಕ್ಕೆ ಹಂಚಿ ಸರಾಸರಿ ತೆಗೆದರೆ 26ರ ಮೇಲೆ ಚೂರು. ಕೊನೆಗೆ 26ಕ್ಕೆ ಒಪ್ಪಂದ ಆಯಿತು. 60 ಚೀಲಕ್ಕೆ 120 ಕೆ.ಜಿ. ಬೀಜದ ದುಡ್ಡು ಉಳಿಯಿತು. ನನ್ನ ಓದಿನ ಬಗ್ಗೆ ಅಪ್ಪ ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅದಾದ ಮೇಲೆ ಪಾಠ ಬೇರೆ ತರಹ ಕೇಳಿಸತೊಡಗಿತು. ಸಣ್ಣ ಸ್ಯಾಂಪಲ್‌ನ ಸರಾಸರಿಯನ್ನು ಪರೀಕ್ಷಿಸುವ ಟಿ-ಟೆಸ್ಟ್ ಹುಟ್ಟಿದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ. ಅಲ್ಲಿದ್ದ ಗಾಸೆಟ್ 1908ರಲ್ಲಿ ಅದನ್ನು 'ಸ್ಟೂಡೆಂಟ್' ಅನ್ನೋ ಹೆಸರಿಟ್ಟುಕೊಂಡು ಬರೆದರು. ಸಣ್ಣ ಸ್ಯಾಂಪಲ್ ನೋಡಿ ದೊಡ್ಡ ಸರಕಿನ ಬಗ್ಗೆ ಹೇಳಬೇಕಾದ ಪೀಕಲಾಟ ಅವರಿಗೂ ಇತ್ತು. ಮೂರನೇ ವರ್ಷ, ಒಂದು ಅಂದಾಜು ಎಷ್ಟು ನಿಖರವಾಗಬಹುದು ಅನ್ನೋದಕ್ಕೆ ಮಿತಿ ಹೇಳುವ ಕ್ರೇಮರ್–ರಾವ್ ಅಸಮಾನತೆ ಬಂದಾಗ ನಮ್ಮ ಲೆಕ್ಚರರ್ ಬೋರ್ಡ್ ಬಿಟ್ಟು ತಿರುಗಿ, "ಈ ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಕಣ್ರೋ, 1920ರಲ್ಲಿ" ಅಂದಿದ್ದರು. ಸಿ.ಆರ್. ರಾವ್ ಅದನ್ನು ಪ್ರಕಟಿಸಿದ್ದು 1945ರಲ್ಲಿ, ಇನ್ನೂ 25 ತುಂಬಿತ್ತೋ ಇಲ್ಲವೋ. 2023ರಲ್ಲಿ, 102ನೇ ವಯಸ್ಸಿನಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ಎಷ್ಟೋ ತಿಂಗಳ ಮೇಲೆ ಎದ್ದು ಕೂತಿತ್ತು.

ಎಂ.ಎಸ್ಸಿ. ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಏಟು ಬಿತ್ತು, ಕಾರಣ ಗಣಿತ. ಡಿಗ್ರಿಯಲ್ಲಿ ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್ ಅನ್ನು ಪಾಸಾಗುವಷ್ಟು ಮಾತ್ರ ಓದಿದ್ದೆ. ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ: ಮ್ಯಾಥ್ಸ್ ಬಿಟ್ಟು ಸ್ಟ್ಯಾಟ್ಸ್ ಆಗಲ್ಲ. ಪೈಥಾನ್, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇವೆಲ್ಲ ಆಮೇಲೆ ಆರು ತಿಂಗಳಲ್ಲಿ ಕಲಿಯಬಹುದು, ಎರಡೂ ಪುಕ್ಕಟೆ ಸಿಗುತ್ತವೆ. ಮ್ಯಾಟ್ರಿಕ್ಸ್ ಹಾಗಲ್ಲ.

ಆಮೇಲೆ ಐ.ಎಸ್.ಎಸ್. ಗೀಳು ಹಿಡಿಯಿತು. ಭಾರತೀಯ ಸಾಂಖ್ಯಿಕ ಸೇವೆ, ಯುಪಿಎಸ್‌ಸಿ ನಡೆಸುವ ಪರೀಕ್ಷೆ. ಡಿಗ್ರಿಯಲ್ಲಿ ಸ್ಟ್ಯಾಟ್ಸ್ ಒಂದು ವಿಷಯವಾಗಿದ್ದರೆ ಸಾಕು, 21ರಿಂದ 30 ವಯಸ್ಸು. ಇಂಗ್ಲಿಷ್, ಸಾಮಾನ್ಯ ಜ್ಞಾನ ತಲಾ 100 ಅಂಕ, ಸ್ಟ್ಯಾಟ್ಸ್‌ನ ನಾಲ್ಕು ಪೇಪರ್ ತಲಾ 200, ಸಂದರ್ಶನ 200. ಎರಡು ಸಲ ಬರೆದೆ. ಎರಡು ಸಲವೂ ಬರವಣಿಗೆಯಲ್ಲೇ ಬಿದ್ದೆ. ಮೊದಲೆರಡು ಪೇಪರ್ ಟಿಕ್ ಹಾಕುವಂಥದ್ದು, ಅದನ್ನೇ ಉಜ್ಜಿದೆ. ಬರೆದು ಸಾಧಿಸಬೇಕಾದ ಕೊನೆಯ ಎರಡಕ್ಕೆ ಕೈ ಪಳಗಿರಲಿಲ್ಲ. ಬೇಜಾರಾಯಿತು, ನಿಜ. ಆದರೆ ನಾಲ್ಕನೇ ಪೇಪರ್‌ಗೆ ಅಂತ ಕ್ಲಿನಿಕಲ್ ಟ್ರಯಲ್ ಭಾಗ ಆರಿಸಿಕೊಂಡು ಓದಿದ್ದೆನಲ್ಲ, ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಅದೇ ಕೈಹಿಡಿಯಿತು.

ಔಷಧ ಪರೀಕ್ಷೆಗಳ ಡೇಟಾ ನೋಡುವ ಕಂಪನಿ ಅದು. ಕೆಲಸ ಸ್ಯಾಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ ಬರೆಯುವುದು. ಒಂದು ಮುಖ್ಯ ಟೇಬಲ್ ಅಂದರೆ ಇಬ್ಬರು ಒಬ್ಬರದ್ದೊಬ್ಬರು ನೋಡದೆ ಬೇರೆ ಬೇರೆ ಬರೆಯಬೇಕು. ಕೊನೆಗೆ ಎರಡನ್ನೂ ಹೋಲಿಸುತ್ತಾರೆ. ನಾನು ಸೇರಿದ ಮೂರನೇ ತಿಂಗಳು ಬಿಪಿ ಮಾತ್ರೆಯ ಒಂದು ಟ್ರಯಲ್‌ನಲ್ಲಿ ನನ್ನ ಸರಾಸರಿ ಚೆನ್ನಾಗಿ ಬಂತು, ಎದುರಿನವರದ್ದು ಅಷ್ಟಿಲ್ಲ. ತಪ್ಪು ಅವರದ್ದೇ ಅಂದುಕೊಂಡು ಎರಡು ದಿನ ಕೂತೆ. ಟೀಮ್ ಲೀಡ್ ಬಂದು ನನ್ನ ಸ್ಕ್ರೀನ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಮಧ್ಯದಲ್ಲಿ ಬಿಟ್ಟು ಹೋದವರು ಎಲ್ಲಿ?"

ಕೊನೆಯ ಭೇಟಿಯ ಬಿಪಿ ಇಲ್ಲದವರನ್ನೆಲ್ಲ ನಾನು ಒಂದು ಸಾಲಿನಲ್ಲಿ ತೆಗೆದುಹಾಕಿದ್ದೆ. ತಲೆಸುತ್ತು ಬಂದು ಮಾತ್ರೆ ಬಿಟ್ಟವರು, ಬಿಪಿ ಇಳಿಯಲಿಲ್ಲ ಅಂತ ಬೇಸತ್ತು ಹೋದವರು ಎಲ್ಲ ಅದರಲ್ಲಿ ಹೋಗಿದ್ದರು. ಉಳಿದವರು ಮಾತ್ರೆ ಒಗ್ಗಿದವರು. ಸರಾಸರಿ ಚೆನ್ನಾಗಿ ಬರದೆ ಇನ್ನೇನು? ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ಡೇಟಾ ನೋಡುವ ಮೊದಲೇ ಬರೆದಿಟ್ಟಿರುತ್ತಾರೆ. ಆ ಕಡತವನ್ನು ನಾನು ಓದಿದ್ದೆ, ಆದರೂ ಕೈ ಹಳೇ ಅಭ್ಯಾಸದಂತೆ ಖಾಲಿ ಸಾಲು ಅಳಿಸಿತ್ತು. ಬಾಗಿಲ ಹತ್ತಿರದ ಚೀಲದ ತಪ್ಪು ಹಿಡಿದಿದ್ದವಳು ನಾನೇ ಅಲ್ವಾ?

ನನ್ನ ಜೊತೆ ಓದಿದವರು ಎಲ್ಲೆಲ್ಲೋ ಇದ್ದಾರೆ. ಒಬ್ಬಳು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ, ಬೆಳೆ ಕಟಾವು ಪ್ರಯೋಗದ ಮೇಲ್ವಿಚಾರಣೆ ಅವಳ ಕೆಲಸದಲ್ಲಿ ಒಂದು. ರಾಗಿ ಹೊಲದಲ್ಲಿ 5 ಮೀಟರ್‌ಗೆ 5 ಮೀಟರ್ ಜಾಗ ಗುರುತಿಸಿ, ಕೊಯ್ದು ತೂಕ ಹಾಕಿಸುವುದು. ಜಾಗ ಆರಿಸುವುದು ಅದೇ ಯಾದೃಚ್ಛಿಕ ಸಂಖ್ಯೆ. ಬೆಳೆ ವಿಮೆ ಇದರ ಮೇಲೆ ನಿಂತಿರೋದರಿಂದ, "ಆ ಮೂಲೆಯಲ್ಲಿ ಕೊಯ್ಯಿಸಿ ಮೇಡಂ, ಅಲ್ಲಿ ಪೈರು ತೆಳು" ಅನ್ನುವವರು ಇರುತ್ತಾರಂತೆ. ಬಿಸಿಲಲ್ಲಿ ನಿಂತು ನಂಬರ್ ತೋರಿಸಿ ಇಲ್ಲ ಅನ್ನಬೇಕು. ಒಬ್ಬ ಆಕ್ಚುವರಿ, ಅಂದರೆ ವಿಮೆಯ ಅಪಾಯದ ಲೆಕ್ಕ ಹಾಕುವವರ ಪರೀಕ್ಷೆ ಹಿಡಿದ. ದುಡ್ಡು ಚೆನ್ನಾಗಿದೆ, ಆದರೆ ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಒಂದೊಂದೇ ಪೇಪರ್ ಮುಗಿಸಬೇಕು, ಅವನದ್ದು ಇನ್ನೂ ಅರ್ಧ ದಾರಿ. ಇನ್ನಿಬ್ಬರು ಪಿಯು ಲೆಕ್ಚರರ್. ಬ್ಯಾಂಕಿನಲ್ಲಿ ಸಾಲ ಯಾರು ತೀರಿಸುತ್ತಾರೆ ಅಂತ ಮಾಡೆಲ್ ಕಟ್ಟುವವನು ಒಬ್ಬ. ಅವನ ಕಾರ್ಡ್ ಮೇಲೆ ಡೇಟಾ ಸೈಂಟಿಸ್ಟ್ ಅಂತ ಇದೆ. ನಮ್ಮೊಳಗೆ ಅವನು ಈಗಲೂ, ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಅದೇ ಕ್ಲಾಸಿನ ರಿಗ್ರೆಷನ್ ಮಾಡುವವನೇ.

ಈ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳು ಬಂದು, "ಅಕ್ಕ, ನಾನೂ ಸ್ಟ್ಯಾಟ್ಸ್ ತಗೊಳ್ಳಾ?" ಅಂದಳು. ಉಪದೇಶ ಮಾಡುವ ಬದಲು ಅಪ್ಪನ ಮಳೆ ಪುಸ್ತಕ ಕೊಟ್ಟೆ. ತೋಟದವರೆಲ್ಲ ಇಡುವಂಥದ್ದೇ, ದಿನಾ ಬೆಳಿಗ್ಗೆ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿರೋದು. ಒಂದು ವರ್ಷದ್ದನ್ನು ಎಕ್ಸೆಲ್‌ಗೆ ಹಾಕಿ ಕೂಡಿಸಿ ತಾ ಅಂದೆ. ಪುಸ್ತಕದ ಜುಲೈ ಪುಟಕ್ಕೆ ಬಂದು ನಿಂತಳು. "ಅಕ್ಕ, ಇಲ್ಲಿ ಒಂದು ವಾರ ಖಾಲಿ ಇದೆ. ಸೊನ್ನೆ ಹಾಕ್ಲಾ? ಇಲ್ಲಾ ದೊಡ್ಡಪ್ಪ ಬರೆದಿಲ್ವಾ?"

ಅಪ್ಪನನ್ನೇ ಕೇಳು ಅಂದೆ. ಅವರು ಕನ್ನಡಕ ಹಾಕಿಕೊಂಡು ಪುಟ ನೋಡಿದರು.

"ಆ ವಾರ ನಾನು ಆಸ್ಪತ್ರೆಲಿದ್ದೆ ಕಣಮ್ಮ. ಮಳೆ ಧೋ ಅಂತ ಸುರೀತಿತ್ತಂತೆ."