ವೈಫೈ ವೇಗ ಸೋರುವುದೆಲ್ಲಿ: ಆರ್‌ಟಿಎಸ್ ಆನ್ ಮಾಡುವ ಮುನ್ನ

ವೈಫೈನಲ್ಲಿ ಮಾತಾಡಲು ಸಾಮಾನ್ಯವಾಗಿ ಯಾರಿಗೂ ಸರದಿ ನಿಗದಿಯಿಲ್ಲ. ಚಾನೆಲ್ ಖಾಲಿಯೇ ಎಂದು ಆಲಿಸಿ, ಯಾದೃಚ್ಛಿಕವಾಗಿ ಆರಿಸಿದಷ್ಟು ಸ್ಲಾಟ್ (ಪುಟ್ಟ ಕಾಲತುಣುಕು) ಕಾದು, ಆಮೇಲೆ ಕಳಿಸಬೇಕು. ಆರ್‌ಟಿಎಸ್ ಎಂದರೆ ಪ್ಯಾಕೆಟ್ ಕಳಿಸುವ ಮುನ್ನ ಅನುಮತಿ ಕೇಳಿಸುವ ಸೆಟ್ಟಿಂಗ್. ಅದನ್ನು ಮುಟ್ಟುವ ಮುನ್ನ ಈ ಪೈಪೋಟಿಗೆ ತೆರುವ ಬೆಲೆಯನ್ನು ಲೆಕ್ಕ ಹಾಕಿ.

5 ಗಿಗಾಹರ್ಟ್ಸ್‌ನ ಹಳೆಯ 54 ಎಂಬಿಪಿಎಸ್ ಲಿಂಕಿನಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್ ತೆಗೆದುಕೊಳ್ಳಿ. ಆರಂಭದ ಕಾಯುವಿಕೆ 34 ಮೈಕ್ರೋಸೆಕೆಂಡ್, ಬ್ಯಾಕಾಫ್ ಎಂಬ ಸ್ಲಾಟ್ ಕಾಯುವಿಕೆ ಸರಾಸರಿ 67.5 (0ರಿಂದ 15 ಸ್ಲಾಟ್, ತಲಾ 9), ಡೇಟಾ 248, ಬಿಡುವು 16, ಸ್ವೀಕೃತಿ 28. ಒಟ್ಟು ಸುಮಾರು 394. ಒಂದೇ ಸಾಧನವಿದ್ದರೂ ಸಿಗುವುದು 30 ಎಂಬಿಪಿಎಸ್ ಚಿಲ್ಲರೆ. ಇದು ರೂಟರ್ ದೋಷವಲ್ಲ.

ಈಗ ಅಳೆಯಿರಿ. ಕೇಬಲ್‌ನಲ್ಲಿ ಜೋಡಿಸಿದ ಕಂಪ್ಯೂಟರಿಗೆ ಒಂದು ಲ್ಯಾಪ್‌ಟಾಪಿನಿಂದ ವೇಗ ಅಳೆಯುವ ಐಪರ್ಫ್3 ತಂತ್ರಾಂಶವನ್ನು 60 ಸೆಕೆಂಡ್ ಓಡಿಸಿ. ಆಮೇಲೆ ಎರಡು, ನಾಲ್ಕು ಸಾಧನಗಳಿಂದ ಒಟ್ಟಿಗೇ ಅಪ್‌ಲೋಡ್ ಮಾಡಿ, ವೇಗಗಳನ್ನು ಕೂಡಿಸಿ. ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಏನನ್ನೂ ಮುಟ್ಟಬೇಡಿ.

ಕುಸಿದರೆ ರೀಟ್ರೈ (ಅದೇ ಪ್ಯಾಕೆಟನ್ನು ಮತ್ತೆ ಕಳಿಸಿದ್ದು) ಎಣಿಕೆ ನೋಡಿ. ರೀಟ್ರೈ ಏರದೆ ಮೊತ್ತ ಮಾತ್ರ ಇಳಿದಿದ್ದರೆ, ದೂರದ ಸಾಧನವೊಂದು 6 ಎಂಬಿಪಿಎಸ್‌ಗೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ಅದರ ಒಂದು ಫ್ರೇಮಿಗೇ (ಗಾಳಿಗೆ ಬಿಡುವ ಪ್ಯಾಕೆಟ್) 2 ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಮಿಕ್ಕವೆಲ್ಲ ತೆಪ್ಪಗಿರಬೇಕು. ಆಕ್ಸೆಸ್ ಪಾಯಿಂಟನ್ನು (ವೈಫೈ ಹರಡುವ ಪೆಟ್ಟಿಗೆ, ಮನೆಗಳಲ್ಲಿ ಸಾಮಾನ್ಯವಾಗಿ ರೂಟರೇ) ಆ ಸಾಧನದ ಹತ್ತಿರ ತರುವುದೇ ಇದಕ್ಕೆ ಮದ್ದು.

ರೀಟ್ರೈಯೂ ಏರಿದ್ದರೆ ಸಾಧನಗಳನ್ನು ಜೋಡಿಜೋಡಿಯಾಗಿ ಪರೀಕ್ಷಿಸಿ. ಒಂಟಿಯಾಗಿ ಚೆನ್ನಾಗಿದ್ದು, ಜೊತೆಯಾದಾಗ ನೆಲಕಚ್ಚುವ ಎರಡು ಸಿಕ್ಕರೆ, ಬಹುಶಃ ಅವಕ್ಕೆ ಪರಸ್ಪರ ಕೇಳಿಸುತ್ತಿಲ್ಲ. ಆರ್‌ಟಿಎಸ್ ಕೆಲಸಕ್ಕೆ ಬರುವುದು ಇಲ್ಲೇ: ಸಾಧನ ಚಿಕ್ಕದೊಂದು ಕೋರಿಕೆ ಕಳಿಸುತ್ತದೆ, ಆಕ್ಸೆಸ್ ಪಾಯಿಂಟ್ ಸಮ್ಮತಿಸುತ್ತದೆ, ಆ ಸಮ್ಮತಿ ಕೇಳಿಸಿದವರೆಲ್ಲ ಸುಮ್ಮನಾಗುತ್ತಾರೆ. ಡಿಕ್ಕಿಯಾದರೆ 248ರ ಬದಲು 28 ಮೈಕ್ರೋಸೆಕೆಂಡಿನ ಕೋರಿಕೆ ಮಾತ್ರ ಹಾಳು. ಆದರೆ ಡಿಕ್ಕಿಯಾಗಲಿ ಬಿಡಲಿ, ಪ್ರತಿ ಫ್ರೇಮಿಗೂ 88 ಮೈಕ್ರೋಸೆಕೆಂಡ್ ಸುಂಕ ಕಟ್ಟಬೇಕು. ಮೇಲಿನ 30 ಎಂಬಿಪಿಎಸ್ 25ಕ್ಕೆ ಬರುತ್ತದೆ.

ಎಷ್ಟು ಬೈಟ್‌ಗಿಂತ ದೊಡ್ಡ ಫ್ರೇಮಿಗೆ ಕೋರಿಕೆ ಕಳಿಸಬೇಕೆಂಬ ಮಿತಿ 2347 ಎಂದಿದ್ದರೆ ಆರ್‌ಟಿಎಸ್ ಬಹುತೇಕ ಆಫ್ ಎಂದರ್ಥ. 500ಕ್ಕೆ ಇಳಿಸಿದರೆ ದೊಡ್ಡ ಫ್ರೇಮ್‌ಗಳಿಗಷ್ಟೇ ಕೋರಿಕೆ, ಧ್ವನಿಕರೆಯ ಪುಟ್ಟ ಪ್ಯಾಕೆಟ್‌ಗಳು ನೇರ ಹೋಗುತ್ತವೆ. ಹಲವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ರೂಟರಿನ ಮಿತಿ ರೂಟರ್ ಕಳಿಸುವ ಫ್ರೇಮ್‌ಗಳಿಗೆ ಮಾತ್ರ. ಅಪ್‌ಲೋಡ್ ಡಿಕ್ಕಿ ತಪ್ಪಬೇಕಾದರೆ ಆ ಎರಡು ಸಾಧನಗಳಲ್ಲೇ ಬದಲಿಸಬೇಕು.

ವೈಫೈ 6ರ ಒಎಫ್‌ಡಿಎಂಎ ಎಂಬ ವಿಧಾನ ಇನ್ನೂ ಮುಂದೆ ಹೋಗಿ, ಯಾರು ಯಾವಾಗ ಕಳಿಸಬೇಕೆಂದು ಆಕ್ಸೆಸ್ ಪಾಯಿಂಟಿನಿಂದಲೇ ಹೇಳಿಸುತ್ತದೆ. ಹಳೆಯ ಸಾಧನಗಳಿಗೆ ಅದು ಅರ್ಥವಾಗದು, ಅವು ಪೈಪೋಟಿಯಲ್ಲೇ ಇರುತ್ತವೆ.

ಬದಲಿಸಿದ ಮೇಲೆ ಅದೇ ಜೋಡಿಯನ್ನು ಮತ್ತೆ 60 ಸೆಕೆಂಡ್ ಓಡಿಸಿ. ಮೊತ್ತ ಏರದಿದ್ದರೆ 2347ಕ್ಕೇ ಮರಳಿಸಿ.